ಜೀಪು ಹೋಗುವ ದಾರಿ ಯಾರದು? 1887ರ ಒಂದು ಠರಾವಿನ ಕಥೆ

ಕಳೆದ ಮಳೆಗಾಲದ ಶುರುವಿನಲ್ಲಿ ಸುದ್ದಿಗೆಂದು ನಮ್ಮ ಮಲೆನಾಡಿನ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿನ ಅಡಿಕೆ ತೋಟವೊಂದರ ಬಸಿಗಾಲುವೆ ಕೆಂಪು ಮಣ್ಣಿನಿಂದ ಮುಚ್ಚಿಹೋಗಿತ್ತು. ತೋಟದ ಮೇಲಿನ ಗುಡ್ಡದಲ್ಲಿ ಒಂದು ಹಳೆಯ ಗಾಡಿದಾರಿ ಇದೆ. ಬೇಸಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಫೋರ್ ವೀಲ್ ಜೀಪುಗಳು ಸಾಲಾಗಿ ಅದನ್ನು ಹತ್ತಿ ಇಳಿದಿದ್ದವು. ಊರಿಂದೂರಿಗೆ ಇಂಥ ದಾರಿ ಹುಡುಕಿಕೊಂಡು ಬರುವ ಹವ್ಯಾಸಿಗಳ ತಂಡ ಅದು. ಎರಡು ದಿನ ಇದ್ದು ಹೋದರು. ಚಕ್ರಗಳು ಕೊರೆದ ಜಾಡಿನಲ್ಲಿ ಮೊದಲ ಮಳೆಯ ನೀರು ಹರಿಯಿತು. ಎರಡನೇ ಮಳೆಗೆ ಜಾಡು ಹಳ್ಳವಾಯಿತು. ಗುಡ್ಡದ ಮಣ್ಣು ತೋಟಕ್ಕೆ ಬಂತು.

"ಬಂದವ್ರು ಕೆಟ್ಟವ್ರಲ್ಲ ಮಾರಾಯ್ರೆ" ಅಂದರು ತೋಟದ ಯಜಮಾನರು. "ನಮ್ಮನೇಲೇ ಕಾಫಿ ಕುಡಿದು, ನಮಸ್ಕಾರ ಹೇಳಿ ಹೋದ್ರು. ಆದ್ರೆ ಆ ದಾರಿ ಯಾರದ್ದು ಹೇಳಿ? ಒಬ್ಬರನ್ನ ಕೇಳಿದ್ರೆ ಕಾಡಿಗೆ ಸೇರಿದ್ದು ಅಂತಾರೆ. ಇನ್ನೊಬ್ಬರನ್ನ ಕೇಳಿದ್ರೆ ಊರಿಗೆ ಸೇರಿದ್ದು ಅಂತಾರೆ. ಮಣ್ಣು ಎತ್ತೋದು ಮಾತ್ರ ನಾನೇ."

ವಾಪಸ್ ಬರುವಾಗ ಅದೇ ಊರಿನ ಜೀಪ್ ಡ್ರೈವರ್ ಒಬ್ಬ ಸಿಕ್ಕ. "ಅಣ್ಣಾ, ಪೇಪರಲ್ಲಿ ಪೂರಾ ಬೇಡ ಅಂತ ಮಾತ್ರ ಬರೀಬೇಡಿ" ಅಂದ. "ಆ ಎರಡು ದಿನ ದಾರಿ ತೋರ್ಸಕ್ಕೆ ನನ್ನ ಕರ್ಕೊಂಡು ಹೋಗಿದ್ರು. ಮೂರು ಮನೆಯವ್ರಿಗೆ ಅಡುಗೆ ಕೆಲಸ ಸಿಕ್ತು. ವರ್ಷದಾಗೆ ಇನ್ಯಾರು ಬರ್ತಾರೆ ಈ ಮೂಲೆಗೆ?"

ಇಬ್ಬರ ಮಾತೂ ನಿಜ. ನಾನು ಕಳಿಸಿದ ಸುದ್ದಿ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಅದರಲ್ಲಿ ಯಾರ ಪ್ರಶ್ನೆಗೂ ಉತ್ತರ ಇರಲಿಲ್ಲ. ಹೀಗೆ ಜೀಪುಗಳು ಗುಂಪಾಗಿ ಗುಡ್ಡ ಹತ್ತುವ ಚಾಳಿ ಎಲ್ಲಿ ಬೆಳೆಯಿತು, ಅಲ್ಲಿನ ಊರಿನವರು ಇದೇ ತಕರಾರನ್ನು ಹೇಗೆ ಬಗೆಹರಿಸಿಕೊಂಡರು ಎಂದು ಹುಡುಕಿದೆ. ಹುಡುಕಾಟ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಬೆಟ್ಟದೂರಿಗೆ ಕರೆದುಕೊಂಡು ಹೋಯಿತು. ಆ ಊರಿನ ಕಥೆ ನಮ್ಮ ಹಳ್ಳಿಯವರಿಗೂ ಉಪಯೋಗಕ್ಕೆ ಬರುತ್ತದೆ ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಲವತ್ತೊಂಬತ್ತು ದಿನದ ಗಾಡಿ

ಮೊದಲು ಜೀಪಿನ ಕಥೆ. 1940ರಲ್ಲಿ ಯುರೋಪಿನಲ್ಲಿ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಆದರೆ ಅದರ ಸೈನ್ಯ ತಯಾರಿ ನಡೆಸಿತ್ತು. ಕೆಸರು, ಕಲ್ಲು, ದಿಣ್ಣೆ ಯಾವುದಕ್ಕೂ ನಿಲ್ಲದ ಒಂದು ಹಗುರ ಗಾಡಿ ಅವರಿಗೆ ಬೇಕಿತ್ತು. 135 ಕಂಪನಿಗಳಿಗೆ ಕರೆ ಹೋಯಿತು. ಮಾದರಿ ಗಾಡಿಯನ್ನು ಬರೀ 49 ದಿನದಲ್ಲಿ ತಂದು ನಿಲ್ಲಿಸಬೇಕು ಎಂಬ ಷರತ್ತು ನೋಡಿ ಹೆಚ್ಚಿನವರು ಸುಮ್ಮನಾದರು.

ಒಪ್ಪಿಕೊಂಡದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಕಂಪನಿ. ಅದಾಗಲೇ ನಷ್ಟದಲ್ಲಿ ಮುಳುಗುತ್ತಿದ್ದ ಪುಟ್ಟ ಕಂಪನಿ ಅದು. ಹೊರಗಿನಿಂದ ಕರೆಸಿದ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಕೆಲವೇ ದಿನಗಳಲ್ಲಿ ನಕ್ಷೆ ಬರೆದು ಮುಗಿಸಿದ. 1940ರ ಸೆಪ್ಟೆಂಬರ್ 23ರಂದು ಗಾಡಿ ಸೈನ್ಯದ ಅಂಗಳದಲ್ಲಿ ನಿಂತಿತು. ಆದರೆ ಚಿಕ್ಕ ಕಂಪನಿಯಿಂದ ಲಕ್ಷಗಟ್ಟಲೆ ಗಾಡಿ ಮಾಡಲು ಆಗುವುದಿಲ್ಲ ಎಂದು ಸೈನ್ಯವು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೂ ಆ ಕೆಲಸ ಕೊಟ್ಟಿತು. ಯುದ್ಧ ಮುಗಿಯುವ ಹೊತ್ತಿಗೆ 6 ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ಹೆಸರು ಉಳಿದದ್ದು ವಿಲ್ಲೀಸ್‌ಗೆ. ಮೊದಲು ಮಾಡಿದ ಬ್ಯಾಂಟಮ್ಮನ್ನು ಜನ ಮರೆತರು.

ಫೋರ್ ವೀಲ್ ಎಂದರೇನು ಎಂದು ಕೇಳುವವರಿಗೆ ಒಂದು ಮಾತು. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಎರಡೇ ಚಕ್ರಕ್ಕೆ ಹೋಗುತ್ತದೆ. ಅವು ಕೆಸರಿನಲ್ಲಿ ಜಾರಿದರೆ ಗಾಡಿ ಅಲ್ಲೇ ಹೂತುಕೊಳ್ಳುತ್ತದೆ. ಜೀಪಿನಲ್ಲಿ ಬೇಕಾದಾಗ ಮುಂದಿನ ಎರಡು ಚಕ್ರಕ್ಕೂ ಶಕ್ತಿ ಕೊಡಬಹುದು. ಹಿಂದಿನವು ನೂಕುತ್ತವೆ, ಮುಂದಿನವು ಎಳೆಯುತ್ತವೆ. ಹೇರು ತುಂಬಿದ ಗಾಡಿ ಏರಿನಲ್ಲಿ ನಿಂತಾಗ ಇನ್ನೊಂದು ಜೋಡಿ ಎತ್ತು ಕಟ್ಟಿದ ಹಾಗೆ. ಇದರ ಜೊತೆಗೆ ಇನ್ನೊಂದು ಚಿಕ್ಕ ಗೇರ್ ಲಿವರ್ ಇರುತ್ತದೆ. ಅದನ್ನು ಲೋ ಗೇರಿಗೆ ಹಾಕಿದರೆ ಗಾಡಿ ಮನುಷ್ಯ ನಡೆಯುವಷ್ಟು ನಿಧಾನವಾಗುತ್ತದೆ, ಆದರೆ ಎಳೆಯುವ ಬಲ ದುಪ್ಪಟ್ಟಿಗೂ ಮೀರಿ ಹೆಚ್ಚುತ್ತದೆ. ಬೆಟ್ಟ ಹತ್ತುವ ಗುಟ್ಟು ಇರುವುದು ಈ ನಿಧಾನದಲ್ಲಿ. ಜೋರಾಗಿ ಓಡಿಸುವವರು ಗಾಡಿಯನ್ನೂ ಹಾಳು ಮಾಡುತ್ತಾರೆ, ನೆಲವನ್ನೂ ಹಾಳು ಮಾಡುತ್ತಾರೆ.

ಯುದ್ಧ ಮುಗಿದ ಮೇಲೆ ವಿಲ್ಲೀಸ್ ಕಂಪನಿ ಗಿರಾಕಿಗಳನ್ನು ಹುಡುಕಿದ್ದು ರೈತರಲ್ಲಿ. 1945ರಲ್ಲಿ ಜನಸಾಮಾನ್ಯರಿಗೆಂದು ಬಂದ ಸಿಜೆ-2ಎ ಜೀಪನ್ನು ಉಳುವುದಕ್ಕೆ, ಮರ ಕೊಯ್ಯುವ ಗರಗಸ ತಿರುಗಿಸುವುದಕ್ಕೆ, ಸಂತೆಗೆ ಮಾಲು ಸಾಗಿಸುವುದಕ್ಕೆ ಎಂದೇ ಮಾರಿದರು. ಅದೇ ವರ್ಷ ಲುಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಒಂದು ಕಂಪನಿ ಶುರುವಾಗಿತ್ತು. ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ದೇಶ ವಿಭಜನೆಯಾದಾಗ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. ಕಂಪನಿಯ ಹೆಸರು 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಅದು ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬೈಯಲ್ಲಿ ಜೋಡಿಸತೊಡಗಿತು. ನಮ್ಮ ಘಟ್ಟದ ತೋಟಗಳಲ್ಲಿ ಕಾಫಿ, ಗೊಬ್ಬರ, ಆಳುಗಳನ್ನು ಹೊತ್ತ ಜೀಪುಗಳ ವಂಶ ಅದೇ. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಮುಟ್ಟಿಸಿದ ಗಾಡಿಯೂ ಅದೇ. ಮಲೆನಾಡಿಗೆ ಜೀಪು ಆಟದ ಸಾಮಾನಾಗಿ ಬಂದದ್ದಲ್ಲ, ಕೆಲಸದ ಗಾಡಿಯಾಗಿ ಬಂದದ್ದು.

ಚಿನ್ನ ಮುಗಿದ ಊರು

ಈಗ ಕ್ಯಾಲಿಫೋರ್ನಿಯಾಕ್ಕೆ ಬರೋಣ. 1848ರಲ್ಲಿ ಅಲ್ಲಿನ ಕೊಲೋಮಾ ಎಂಬಲ್ಲಿ ಹೊಳೆಯಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಹಬ್ಬಿ ಜಗತ್ತಿನ ಮೂಲೆ ಮೂಲೆಯಿಂದ ಜನ ಬಂದರು. ಹತ್ತಿರದ ಗುಡ್ಡದಲ್ಲಿ ಹೀಗೆ ಹುಟ್ಟಿದ ಊರುಗಳಲ್ಲಿ ಜಾರ್ಜ್‌ಟೌನ್ ಒಂದು. ಎಲ್ ಡೊರಾಡೊ ಕೌಂಟಿಗೆ ಸೇರಿದ್ದು. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಅದನ್ನು ನಡೆಸುವುದು ಜನ ಆರಿಸಿದ ಸದಸ್ಯರ ಮಂಡಳಿ.

ಜಾರ್ಜ್‌ಟೌನಿನಿಂದ ಪೂರ್ವಕ್ಕೆ ಸಿಯೆರಾ ನೆವಾಡಾ ಪರ್ವತಸಾಲು. ಅದನ್ನು ದಾಟಿದರೆ ಟಾಹೋ ಎಂಬ ದೊಡ್ಡ ಸರೋವರ. ನಡುವೆ ಒಂದು ಕಾಲುದಾರಿ ಇತ್ತು. ಚಿನ್ನ ಹುಡುಕುವವರು ಬರುವ ಎಷ್ಟೋ ಮೊದಲೇ ಅಲ್ಲಿನ ಮೂಲನಿವಾಸಿಗಳು ಬೆಟ್ಟದ ಈಚೆ ಆಚೆ ವಸ್ತು ವಿನಿಮಯಕ್ಕೆ ಓಡಾಡಿದ ಜಾಡು ಅದು. ದಾರಿಯ ನಡುವೆ ರುಬಿಕಾನ್ ಎಂಬ ಹೊಳೆ. ಅದರ ದಡದಲ್ಲಿ ಖನಿಜದ ನೀರು ಉಕ್ಕುವ ಬುಗ್ಗೆಗಳು. 1880ರ ದಶಕದಲ್ಲಿ ಒಬ್ಬ ಹೆಂಗಸು ಆ ಜಾಗ ಕೊಂಡು, ಅಂಥ ಕಾಡಿನ ನಡುವೆ ಹೋಟೆಲು ಕಟ್ಟಿಸಿದಳು. ಸರೋವರದ ಕಡೆಯಿಂದ ಕುದುರೆಗಾಡಿಯಲ್ಲಿ ಗಿರಾಕಿಗಳು ಬರುತ್ತಿದ್ದರು.

ಅದೇ ಕಾಲದಲ್ಲಿ, 1887ರಲ್ಲಿ, ಕೌಂಟಿ ಮಂಡಳಿ ಒಂದು ಠರಾವು ಮಾಡಿತು. ಜಾರ್ಜ್‌ಟೌನಿನಿಂದ ಸರೋವರಕ್ಕೆ ಹೋಗುವ ಈ ಜಾಡು ಸಾರ್ವಜನಿಕ ದಾರಿ ಎಂದು ಘೋಷಿಸಿತು. ಅಷ್ಟೇ. ಆಗ ಆ ಗುಡ್ಡದಲ್ಲಿ ಕಾರೂ ಇರಲಿಲ್ಲ, ಜೀಪೂ ಇರಲಿಲ್ಲ. ಕಡತದಲ್ಲಿ ಸೇರಿದ ಆ ಒಂದು ಕಾಗದ 120 ವರ್ಷದ ನಂತರ ಊರಿನ ಕೈಹಿಡಿಯುತ್ತದೆ ಎಂದು ಅಂದು ಸಹಿ ಹಾಕಿದವರಿಗೆ ಗೊತ್ತಿರಲಿಕ್ಕಿಲ್ಲ.

ಕಾಲ ಕಳೆದಂತೆ ಬೇರೆ ಕಡೆ ಒಳ್ಳೆಯ ರಸ್ತೆಗಳಾದವು. ಬುಗ್ಗೆಯ ಹೋಟೆಲು ಪಾಳುಬಿತ್ತು. ದಾರಿಯ ಮಣ್ಣು ಕೊಚ್ಚಿಹೋಗಿ ಬಂಡೆಗಳು ಮೇಲೆದ್ದವು. ಜಾರ್ಜ್‌ಟೌನಿನಲ್ಲಿ ಚಿನ್ನವೂ ಮುಗಿದಿತ್ತು.

55 ಜೀಪು, 155 ಜನ

1952ರಲ್ಲಿ ಜಾರ್ಜ್‌ಟೌನಿನ ಕೆಲವರು ಒಟ್ಟಿಗೆ ಕೂತು ಯೋಚಿಸಿದರು. ಊರಿಗೆ ನಾಲ್ಕು ಕಾಸು ಬರುವ ಹಾಗೆ ಏನು ಮಾಡಬಹುದು? ಅವರಲ್ಲಿ ಮಾರ್ಕ್ ಸ್ಮಿತ್ ಎಂಬ ಯುವಕನೂ ಇದ್ದ. ಊರಲ್ಲಿ ಇದ್ದದ್ದು ಒಂದು ಹಾಳು ದಾರಿ, ಒಂದಿಷ್ಟು ಹಳೆಯ ಜೀಪು. ಅದನ್ನೇ ಬಂಡವಾಳ ಮಾಡಿಕೊಳ್ಳೋಣ ಎಂದರು. ಜೀಪು ಇದ್ದವರನ್ನು ಕರೆಯೋಣ, ಊರಿನವರೇ ಮುಂದೆ ನಿಂತು ಬೆಟ್ಟ ದಾಟಿಸೋಣ, ಊಟವನ್ನೂ ನಾವೇ ಕೊಡೋಣ.

1953ರ ಆಗಸ್ಟ್ 29ರಂದು 55 ಜೀಪುಗಳಲ್ಲಿ 155 ಜನ ಜಾರ್ಜ್‌ಟೌನಿನಿಂದ ಹೊರಟರು. ಎರಡು ದಿನದ ಪ್ರಯಾಣ. ಜೀಪರ್ಸ್ ಜಾಂಬೋರಿ ಎಂಬ ಹೆಸರಿನಲ್ಲಿ ಅದು ವರ್ಷವರ್ಷವೂ ನಡೆಯತೊಡಗಿತು. ಜೀಪಿನ ಗುಂಪು ಪ್ರವಾಸಗಳ ಇತಿಹಾಸ ಬರೆಯುವವರು ಈ ಯಾತ್ರೆಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಪೂರ್ತಿ ದಾರಿ ಸುಮಾರು 35 ಕಿಲೋಮೀಟರ್. ನಮ್ಮ ಊರಿನ ರಸ್ತೆಯಲ್ಲಾದರೆ ಮುಕ್ಕಾಲು ಗಂಟೆ. ಅಲ್ಲಿ ಎರಡು ದಿನ ಬೇಕು. ಜೀಪಿಗಿಂತ ಎತ್ತರದ ಬಂಡೆಗಳ ನಡುವೆ ಒಬ್ಬ ಇಳಿದು ಮುಂದೆ ನಿಂತು ಎಡಕ್ಕೆ, ಬಲಕ್ಕೆ ಎಂದು ಕೈಸನ್ನೆ ಮಾಡಬೇಕು. ಡ್ರೈವರ್ ತನ್ನ ಕಣ್ಣಿಗಿಂತ ಅವನ ಕೈಯನ್ನು ನಂಬಬೇಕು. ಒಬ್ಬನ ಗಾಡಿ ಸಿಕ್ಕಿಕೊಂಡರೆ ಹಿಂದಿನವರೆಲ್ಲ ನಿಲ್ಲಬೇಕು. ಹಗ್ಗ ಕಟ್ಟಿ ಎಳೆಯಬೇಕು, ಕಲ್ಲು ಜೋಡಿಸಬೇಕು, ಮುರಿದ ಆಕ್ಸಲ್ಲನ್ನು ಅಲ್ಲೇ ಬಿಚ್ಚಿ ಹಾಕಬೇಕು. ಒಂಟಿಯಾಗಿ ಹೋಗುವವರ ದಾರಿ ಅದಲ್ಲ. ಗುಂಪಾಗಿ ಹೋಗುವ ರೂಢಿ ಬೆಳೆದದ್ದು ಮೋಜಿಗೆ ಮಾತ್ರವಲ್ಲ, ಅದರ ಅಗತ್ಯವೇ ಹಾಗಿತ್ತು.

ಜೀಪು ಕಂಪನಿಯೂ ಆ ದಾರಿಯ ಕಡೆ ನೋಡಿತು. 2003ರ ಮಾದರಿಯ ಒಂದು ಜೀಪಿಗೆ ರುಬಿಕಾನ್ ಎಂದೇ ಹೆಸರಿಟ್ಟಿತು. ಊರು ಬದುಕಿಕೊಳ್ಳಲು ಕಂಡುಕೊಂಡ ಉಪಾಯ ಜಗತ್ತಿನ ದೊಡ್ಡ ಕಂಪನಿಯೊಂದರ ಬ್ರ್ಯಾಂಡ್ ಆಯಿತು.

ನೀರು ಕೆಟ್ಟಾಗ

ಇಲ್ಲಿಗೆ ಕಥೆ ಮುಗಿದಿದ್ದರೆ ನಮ್ಮ ತೋಟದ ಯಜಮಾನರಿಗೆ ಇದರಿಂದ ಏನೂ ಸಿಗುತ್ತಿರಲಿಲ್ಲ.

ಹೆಸರು ಹಬ್ಬಿದ ಹಾಗೆ ಜನ ಹೆಚ್ಚಿದರು. ಊರಿನವರು ಮುಂದೆ ನಿಂತು ನಡೆಸುವ ಯಾತ್ರೆ ವರ್ಷಕ್ಕೆ ಕೆಲವೇ ದಿನ. ಉಳಿದ ದಿನಗಳಲ್ಲಿ ಯಾರು ಬೇಕಾದರೂ ಬರಬಹುದಿತ್ತು. ಗಾಡಿಗಳು ದೊಡ್ಡದಾದವು, ಟೈರುಗಳು ಇನ್ನೂ ದೊಡ್ಡದಾದವು. ಬಂಡೆಗೆ ತಾಗಿ ಎಂಜಿನ್ನಿನ ಅಡಿ ಒಡೆದು ಆಯಿಲ್ ನೆಲಕ್ಕೆ ಸುರಿಯಿತು. ದಾರಿಯಲ್ಲಿ ಕೆಸರು ಇದೆ ಎಂದು ಪಕ್ಕದ ಹುಲ್ಲಿನ ಮೇಲೆ ಹೋದವರಿಂದ ಒಂದು ದಾರಿ ಮೂರಾಯಿತು. ಸಾವಿರಾರು ಜನ ರಾತ್ರಿ ಉಳಿಯುವ ಕಡೆ ಶೌಚಾಲಯ ಇರಲಿಲ್ಲ. ಬಂಡೆಯ ನೆಲದಲ್ಲಿ ಗುಂಡಿ ತೋಡುವುದೂ ಕಷ್ಟ. 2004ರಲ್ಲಿ ದಾರಿಪಕ್ಕದ ಸ್ಪೈಡರ್ ಲೇಕ್ ಎಂಬ ಕೆರೆಯ ಸುತ್ತ ಮನುಷ್ಯರ ಹೊಲಸು ತುಂಬಿ, ಅಲ್ಲಿ ಬಿಡಾರ ಹೂಡುವುದನ್ನೇ ನಿಲ್ಲಿಸಬೇಕಾಯಿತು.

2009ರ ಏಪ್ರಿಲ್‌ನಲ್ಲಿ ಆ ಪ್ರದೇಶದ ನೀರಿನ ಗುಣಮಟ್ಟ ಕಾಯುವ ಸರ್ಕಾರಿ ಮಂಡಳಿ ಆದೇಶ ಹೊರಡಿಸಿತು. ಹೊಳೆಗೆ ಹರಿದುಬರುವ ಮಣ್ಣು, ಆಯಿಲ್, ಮಲ ಈ ಮೂರನ್ನೂ ನಿಲ್ಲಿಸಿ ಎಂದು ಕೌಂಟಿಗೂ ಅರಣ್ಯ ಇಲಾಖೆಗೂ ಹೇಳಿತು. ದಾರಿ ಮುಚ್ಚಿಯೇಹೋಗುತ್ತದೆ ಎಂದು ಜೀಪಿನವರು ಹೆದರಿದರು. ಮುಚ್ಚಬೇಕು ಎಂದು ಕೇಳಿದವರೂ ಇದ್ದರು, ಅವರ ಮಾತಿನಲ್ಲೂ ಸತ್ಯ ಇತ್ತು.

ಆಗ ಎದುರಾದದ್ದು ನಮ್ಮ ಯಜಮಾನರು ಕೇಳಿದ ಪ್ರಶ್ನೆಯೇ. ಈ ದಾರಿ ಯಾರದು? ದಾರಿಯ ಬಹುಭಾಗ ಸರ್ಕಾರಿ ಕಾಡಿನ ನೆಲದ ಮೇಲೆ ಇತ್ತು. ಕೌಂಟಿಯ ಹತ್ತಿರ ಇದ್ದದ್ದು 1887ರ ಠರಾವು. ಇದು ನಮ್ಮ ಸಾರ್ವಜನಿಕ ದಾರಿ ಎಂದು ಅದನ್ನು ಹಿಡಿದು ಹೇಳಬಹುದಿತ್ತು. ಆದರೆ ದಾರಿ ನಮ್ಮದು ಎಂದ ಮೇಲೆ ದಾರಿಯ ಹೊಲಸೂ ನಮ್ಮದೇ ಎಂದು ಒಪ್ಪಬೇಕು. ಕೌಂಟಿ ಎರಡನ್ನೂ ಒಪ್ಪಿತು. 2012ರಲ್ಲಿ ಅರಣ್ಯ ಇಲಾಖೆ ತನ್ನ ನೆಲದ ಮೇಲೆ ಹಾದುಹೋಗುವ ಭಾಗಕ್ಕೆ ಕೌಂಟಿಯ ಹೆಸರಿಗೆ ದಾರಿಯ ಹಕ್ಕು ಬರೆದುಕೊಟ್ಟಿತು.

ನಂತರದ ಕೆಲಸ ನೋಡಲು ದೊಡ್ಡದಲ್ಲ. ಹಳ್ಳಗಳಲ್ಲಿ ಜೀಪು ನೀರಿಗೆ ಇಳಿಯದಂತೆ ಸೇತುವೆ ಹಾಕಿದರು. ಮಳೆನೀರು ಜಾಡಿನುದ್ದಕ್ಕೂ ಹರಿಯದೆ ಅಲ್ಲಲ್ಲಿ ಪಕ್ಕಕ್ಕೆ ಇಳಿಯುವ ಹಾಗೆ ದಾರಿಗೆ ಅಡ್ಡಲಾಗಿ ಮಣ್ಣಿನ ದಿಬ್ಬ, ಕಲ್ಲಿನ ಕಟ್ಟೆ ಕಟ್ಟಿದರು. ಪಕ್ಕಕ್ಕೆ ಬೆಳೆದ ಕಳ್ಳದಾರಿಗಳನ್ನು ಬಂಡೆ ಇಟ್ಟು ಮುಚ್ಚಿದರು. ದಾರಿ ಶುರುವಾಗುವ ಲೂನ್ ಲೇಕ್ ಎಂಬಲ್ಲಿ ಸಣ್ಣ ಗೂಡು ಇಟ್ಟು, ಆಯಿಲ್ ಚೆಲ್ಲಿದರೆ ಹೀರಿಕೊಳ್ಳುವ ಸಾಮಾನು ಮತ್ತು ಶೌಚದ ಚೀಲಗಳನ್ನು ಹಂಚತೊಡಗಿದರು. ಬಳಸಿದ ಚೀಲವನ್ನು ನೀವೇ ಹೊತ್ತು ಹೊರಗೆ ತರಬೇಕು. ಇನ್ನೊಂದು ಮುಖ್ಯ ನಿಯಮ ಮಾಡಿದರು. ಮಳೆ, ಹಿಮದಿಂದ ನೆಲ ನೆನೆದು ಮೆತ್ತಗಾದಾಗ ದಾರಿ ಬಂದ್.

ಈ ಕೆಲಸದಲ್ಲಿ ಹೆಚ್ಚಿನ ಕೈಗಳು ಜೀಪಿನವರದ್ದೇ. 2001ರಲ್ಲೇ ಫ್ರೆಂಡ್ಸ್ ಆಫ್ ದಿ ರುಬಿಕಾನ್ ಎಂಬ ಸಂಘ ಕಟ್ಟಿಕೊಂಡಿದ್ದರು. ಮೋಜಿಗೆ ಬರುತ್ತಿದ್ದವರು ರಜೆ ಹಾಕಿ ಗುದ್ದಲಿ ಹಿಡಿದು ಬಂದರು. ದಾರಿ ಇಂದಿಗೂ ತೆರೆದಿದೆ.

ನಮ್ಮ ಗುಡ್ಡಕ್ಕೆ ಇದರಿಂದ ಏನು?

ಅಮೆರಿಕದ ಲೆಕ್ಕ ನಮಗೆ ಹಾಗೇ ಹೊಂದುವುದಿಲ್ಲ. ಅಲ್ಲಿನದು ಬಂಡೆಯ ನೆಲ, ನಮ್ಮದು ಮೆತ್ತನೆಯ ಕೆಂಪು ಮಣ್ಣು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಮಳೆ ಅಲ್ಲಿಲ್ಲ. ಬಂಡೆಯ ಮೇಲೆ ಟೈರು ಹೋದರೆ ಕಪ್ಪು ಗೆರೆ ಬೀಳುತ್ತದೆ. ನಮ್ಮ ಗುಡ್ಡದ ಹುಲ್ಲಿನ ಮೇಲೆ ಹೋದರೆ ಬೇರು ಕಿತ್ತು, ಮುಂದಿನ ಮಳೆಗೆ ಅದು ಕೊರಕಲು. ಕೊರಕಲಿನ ಕೆಳಗೆ ಯಾರದೋ ತೋಟ, ಯಾರದೋ ಗದ್ದೆ, ಯಾರದೋ ಕುಡಿಯುವ ನೀರಿನ ಹಳ್ಳ ಇದ್ದೇ ಇರುತ್ತದೆ. ಅಲ್ಲಿಗಿಂತ ಇಲ್ಲಿ ಎಚ್ಚರ ಹೆಚ್ಚು ಬೇಕು.

ಹಾಗೆಂದು ಜೀಪಿನಿಂದ ಬದುಕುವವರು ನಮ್ಮಲ್ಲೂ ಇದ್ದಾರೆ. ಹೊಸನಗರ ತಾಲ್ಲೂಕಿನ ಕೊಡಚಾದ್ರಿಗೆ, 1,343 ಮೀಟರ್ ಎತ್ತರದ ಬೆಟ್ಟಕ್ಕೆ, ಯಾತ್ರಿಕರನ್ನು ಹತ್ತಿಸುವುದು ಸುತ್ತಮುತ್ತಲಿನ ಬಾಡಿಗೆ ಜೀಪುಗಳು. ಕೊಡಗಿನ ಮಾಂದಲಪಟ್ಟಿಯಲ್ಲೂ ಹಾಗೇ. ಆ ಡ್ರೈವರುಗಳನ್ನು ನೋಡಿದವರಿಗೆ ಗೊತ್ತು, ನಾಳೆಯೂ ಅದೇ ದಾರಿಯಲ್ಲಿ ಬರಬೇಕಾದವನು ಒಂದು ಕಲ್ಲನ್ನೂ ಸುಮ್ಮನೆ ಕದಲಿಸುವುದಿಲ್ಲ. ಒಂದೇ ಸಲ ಬಂದು ಹೋಗುವವನಿಗೆ ಆ ಲೆಕ್ಕ ಇರುವುದಿಲ್ಲ.

ನನ್ನ ಮಟ್ಟಿಗೆ ಜಾರ್ಜ್‌ಟೌನಿನ ಕಥೆಯಿಂದ ತಿಳಿದದ್ದು ಎರಡು ಮಾತು. ಒಂದು, ದಾರಿ ಕಡತದಲ್ಲಿ ಇರಬೇಕು. ಎರಡು, ಕಡತದಲ್ಲಿ ಯಾರ ಹೆಸರು ಇದೆಯೋ ಅವರು ಅದರ ಮಣ್ಣಿಗೂ ನೀರಿಗೂ ಜವಾಬ್ದಾರರಾಗಬೇಕು. ಎರಡರಲ್ಲಿ ಒಂದಿದ್ದು ಒಂದಿಲ್ಲದಿದ್ದರೆ ದಾರಿಯೂ ಹಾಳು, ಊರೂ ಹಾಳು.

ನಿಮ್ಮೂರಿನ ಗುಡ್ಡದ ದಾರಿ ಗ್ರಾಮ ನಕ್ಷೆಯಲ್ಲಿ ಇದೆಯೇ ಎಂದು ಎಂದಾದರೂ ನೋಡಿದ್ದೀರಾ? ನಾವು ಮಾತಿನಲ್ಲಿ ನಕಾಶೆ ಕಂಡ ದಾರಿ ಅನ್ನುತ್ತೇವಲ್ಲ, ಅದು. ಭೂ ಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಬೇರೆ ಯಾರ ಸ್ವತ್ತೂ ಅಲ್ಲದ ಸಾರ್ವಜನಿಕ ರಸ್ತೆ, ದಾರಿಗಳು ಸರ್ಕಾರಕ್ಕೆ ಸೇರಿದವು. ನಿಂತಲ್ಲೇ ಸರ್ವೆ ನಂಬರ್ ತಿಳಿಯಲು ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ಇದೆ. ಆದರೆ ಫೋನಿನ ಚಿತ್ರ ದಾಖಲೆಯಾಗುವುದಿಲ್ಲ, ನಕ್ಷೆಯ ಪ್ರತಿಯನ್ನು ಸರ್ವೆ ಕಚೇರಿಯಿಂದ ಪಡೆದು ಇಟ್ಟುಕೊಳ್ಳಿ. ದಾರಿ ಅಭಯಾರಣ್ಯದೊಳಗೆ ಹೋಗುತ್ತಿದ್ದರೆ ಮಾತೇ ಬೇರೆ. 1972ರ ವನ್ಯಜೀವಿ ಕಾಯ್ದೆಯಂತೆ ಅನುಮತಿ ಇಲ್ಲದೆ ಹೊರಗಿನವರು ಸಾಮಾನ್ಯವಾಗಿ ಅದರೊಳಗೆ ಹೋಗುವ ಹಾಗಿಲ್ಲ.

ಮೊನ್ನೆ ಆ ಹಳ್ಳಿಗೆ ಮತ್ತೆ ಹೋಗಿದ್ದೆ. ಈ ಬೇಸಿಗೆಗೂ ಬರುತ್ತೇವೆ ಎಂದು ಅದೇ ತಂಡದಿಂದ ಫೋನ್ ಬಂದಿದೆಯಂತೆ. ಯಜಮಾನರೂ ಆ ಡ್ರೈವರ್ ಹುಡುಗನೂ ಒಂದೇ ಜಗಲಿಯಲ್ಲಿ ಕೂತಿದ್ದರು. ನಾನು 1887ರ ಕಥೆ ಹೇಳಿದೆ. ಶೌಚದ ಚೀಲ ಹೊತ್ತು ತರುವ ಮಾತಿಗೆ ಇಬ್ಬರೂ ನಕ್ಕರು. ಆಮೇಲೆ ಯಜಮಾನರು ಕೇಳಿದರು, "ನೀರು ಪಕ್ಕಕ್ಕೆ ಇಳಿಯೋ ಹಾಗೆ ಅಡ್ಡ ಕಟ್ಟೆ ಹಾಕ್ತಾರೆ ಅಂದ್ರಲ್ಲ, ಎಷ್ಟು ದೂರಕ್ಕೊಂದು?"

ಏರು ಹೆಚ್ಚಿದಷ್ಟೂ ಹತ್ತಿರ ಹತ್ತಿರ ಹಾಕಬೇಕು ಎಂದೆ. ಯಜಮಾನರು ಹುಡುಗನ ಕಡೆ ತಿರುಗಿದರು. "ಬರೋರಿಗೆ ಹೇಳು ಮಾರಾಯ. ಬರೋದಾದ್ರೆ ಜನವರಿಯಾಗೆ ಬರ್ಲಿ, ದಾರಿ ಬಿಟ್ಟು ಹುಲ್ಲಿಗೆ ಇಳೀಬಾರ್ದು. ಹೋಗೋ ಮುಂಚೆ ಒಂದು ದಿನ ಗುದ್ದಲಿ ಹಿಡೀಬೇಕು. ಒಪ್ಪಿದ್ರೆ ಕಾಫಿ ನಮ್ಮನೇಲೇ."

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಇಡುತ್ತೇವೆ ಎಂದಿದ್ದಾರೆ. ಬಾಯಿಮಾತಿನಲ್ಲಿ ಬಿಡಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ ಎಂದು ಹೇಳಿ ಬಂದಿದ್ದೇನೆ.